‘ಹಿಂದಿನದು’ ಎಂಬ ಫೋಲ್ಡರು

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಗುಬ್ಬಚ್ಚಿಗೆ,

ಅಪ್ಪನ ಆಶೀರ್ವಾದ. ಕೆಮ್ಮು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಸೆಕೆಯಿಂದ ನೇರವಾಗಿ ಡೆಕ್ಕಿನ ಗಾಳಿಗೆ ಹೋಗಬೇಡ ಎಂದು ಹಿಂದೆಯೂ ಬರೆದಿದ್ದೆ. ಸೆಕೆಂಡ್ ಎಂಜಿನಿಯರಿಗೆ ಔಷಧಿ ಅಂಗಡಿಯ ಕಾಂಪೌಂಡರು ಬುದ್ಧಿ ಹೇಳುವುದೇ ಎಂದು ನೀನು ನಕ್ಕಿರುತ್ತೀಯ. ನನ್ನ ಮಂಡಿ ಹಾಗೇ ಇದೆ. ಮಿಕ್ಕಂತೆ ಐ ಆ್ಯಮ್ ಕ್ವೈಟ್ ವೆಲ್ ಆ್ಯಂಡ್ ಹೋಪ್ ದಿಸ್ ಲೆಟರ್ ಫೈಂಡ್ಸ್ ಯು ಇನ್ ದಿ ಸೇಮ್, ಸೇಮ್ ಏನೋ ಒಂದು. ಕಾಲೇಜಿನಲ್ಲಿ ಮೇಷ್ಟ್ರು ಇದನ್ನು ನೂರು ಸಲ ಬರೆಸಿದ್ದರು. ಕೊನೆಯ ಪದ ಮಾತ್ರ ಬೆಳಗಿನಿಂದ ಕೈಗೆ ಸಿಕ್ಕಿಲ್ಲ.

ನೀನು ಲಿನಕ್ಸ್ ಹಾಕಿಕೊಟ್ಟ ಹಳೇ ಲ್ಯಾಪ್‌ಟಾಪು ಚೆನ್ನಾಗಿ ನಡೆಯುತ್ತಿದೆ. ರಿಪೇರಿಯವನು ಇದನ್ನು ನೋಡಿ, “ಯಜಮಾನ್ರೇ, ಇದು ತೂಕಕ್ಕೆ ಹಾಕೋ ಮಾಲು” ಅಂದಿದ್ದ. ಮೊನ್ನೆ ಅದರಲ್ಲಿ ನಮ್ಮ ಯುದ್ಧದ ಆಟ ಓಡುವುದನ್ನು ತೋರಿಸಿದೆ, ಕುರ್ಚಿ ಎಳೆದುಕೊಂಡು ನೋಡುತ್ತಾ ಕೂತ. ಜೇನುಗೂಡಿನಂಥ ಆರು ಮೂಲೆಯ ಮನೆಗಳು, ನದಿ, ನಿನ್ನ ನೀಲಿ ಟ್ಯಾಂಕು, ನನ್ನ ಕೆಂಪು ಟ್ಯಾಂಕು, ಹೆಲಿಕಾಪ್ಟರು, ಮದ್ದುಗುಂಡು ಹೊರುವ ಲಾರಿ. ನಿಮ್ಮಮ್ಮ ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ ಊಟ ಆಯ್ತಾ, ಆಯ್ತು ಎಂಬಲ್ಲಿಗೆ ನಿಂತುಬಿಟ್ಟಿದ್ದೆವು. ನೀನು ಈ ಆಟ ಕಲಿಸಿದ ಮೇಲೆ ತಾನೇ ಮತ್ತೆ ಮಾತು ಹುಟ್ಟಿದ್ದು. ನಿನ್ನದೊಂದು ಸರದಿ, ಫೈಲು ಮೇಲ್‌ನಲ್ಲಿ ಬರುವುದು. ನನ್ನದೊಂದು ಸರದಿ, ಫೈಲು ಹೋಗುವುದು. ಜೊತೆಗೆ ನಾಲ್ಕು ಸಾಲು, “ಅಪ್ಪಾ, ಸೇತುವೆ ಬಿಟ್ಟುಕೊಡು, ಮರ್ಯಾದೆಯಾಗಿ ಕೇಳ್ತಿದೀನಿ” ಅಂತ.

ಅದೇ ಆಟದ ಬಗ್ಗೆ ಹೇಳಬೇಕು. ನಾನು ಒಂಬತ್ತು ಆಟ ಗೆದ್ದೆ. ಒಂದನ್ನೂ ಗೆದ್ದಿಲ್ಲ.

ಚಳಿಗಾಲದಲ್ಲಿ ಒಂದು ದಿನ ಗುಡ್ಡದ ಹಿಂದೆ ನಾನೇ ನಿಲ್ಲಿಸಿದ್ದ ಲಾರಿಗಳನ್ನು ಮರೆತು, ಗುಂಡಿಲ್ಲದ ಫಿರಂಗಿಗಳನ್ನು ನಿನ್ನ ಮುಂದೆ ತಂದು ನಿಲ್ಲಿಸಿದೆ. ಎಲ್ಲ ಹೋಯಿತು. ನಾಚಿಕೆಯಾಯಿತು. ಆಗ ಹೊಳೆಯಿತು: ನಿನ್ನ ಫೈಲು ಬಂದ ಕೂಡಲೇ ಅದರದೊಂದು ನಕಲು ತೆಗೆದಿಟ್ಟರೆ, ಕೆಟ್ಟ ಸರದಿಯನ್ನು ಅಳಿಸಿ ಮೊದಲಿನಿಂದ ಆಡಬಹುದು. ನಕಲು ಮಾಡುವ ಆ ಕಪ್ಪು ಪರದೆಯ ಆಜ್ಞೆಯನ್ನು ನೀನೇ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ, ನಿಮ್ಮಮ್ಮನ ಫೋಟೋಗಳನ್ನು ಜೋಪಾನ ಮಾಡಲು. ನಾನು ಅದರಿಂದ ‘ಹಿಂದಿನದು’ ಎಂಬ ಫೋಲ್ಡರು ಮಾಡಿಕೊಂಡೆ. ಒಂದೇ ಸಲ ಅಂದುಕೊಂಡೆ. ಕಳೆದ ತಿಂಗಳು ನದಿ ದಾಟಿದ್ದೆನಲ್ಲ, ನೀನು ಹಡಗಿನವರಿಗೆಲ್ಲ ಹೇಳಿಕೊಂಡ ಆ ಸರದಿ, ಅದನ್ನು ಹನ್ನೊಂದು ಸಲ ಆಡಿದ್ದೇನೆ. ನಿನ್ನ ಟ್ಯಾಂಕು ಎಲ್ಲೆಲ್ಲಿ ಅಡಗಿವೆ ಎಂದು ಹತ್ತು ಸಲ ಸತ್ತು ತಿಳಿದುಕೊಂಡು, ಹನ್ನೊಂದನೆಯ ಸಲ ಜಾಣನಾದೆ. ನೀನು ಒಂದೇ ಸಲ ಆಡಿ ಸೋತೆ.

ನಿಮ್ಮಮ್ಮ ಇದ್ದಿದ್ದರೆ ಮುಖ ನೋಡಿಯೇ, “ಏನೋ ಮಸಲತ್ತು ನಡೀತಿದೆ ಇಲ್ಲಿ” ಅಂದುಬಿಡುತ್ತಿದ್ದಳು. ನೀನು ನನ್ನ ಮಗಳು, ಅನುಮಾನ ಪಡಲಿಲ್ಲ. ಅದೇ ಚುಚ್ಚುವುದು. ಅಂಗಡಿಯ ಮಾಲೀಕರು ಬೇಸಿಗೆಯಲ್ಲಿ ನಿನಗೆ ಫೋನು ಮಾಡಿದ್ದರಲ್ಲ, ನಿಮ್ಮ ತಂದೆ ಒಂದೇ ಕಪಾಟನ್ನು ಮೂರು ಸಲ ತೆರೀತಾರೆ, ಕೌಂಟರಿನಿಂದ ಎಬ್ಬಿಸಿ ಬಿಲ್ಲು ಬರೆಯೋಕೆ ಕೂರಿಸಲಾ ಎಂದು. ನೀನು ಕೊಟ್ಟ ಉತ್ತರವನ್ನು ಅವರೇ ನನಗೆ ಹೇಳಿದರು: “ಇಪ್ಪತ್ತು ಟ್ಯಾಂಕು ಎಲ್ಲೆಲ್ಲಿವೆ ಅಂತ ನೆನಪಿಟ್ಟುಕೊಂಡು ನನ್ನನ್ನೇ ಸೋಲಿಸೋರಿಗೆ ನಿಮ್ಮ ನಾಲ್ಕು ಕಪಾಟು ಯಾವ ಲೆಕ್ಕ ಸಾರ್?” ಅವತ್ತಿನಿಂದ ಅವರಿಗೆ ನಾನು ಜನರಲ್ ಸಾಹೇಬ. ಗಿರಾಕಿಗಳ ಮುಂದೆಯೇ, “ನಮ್ಮ ಜನರಲ್ ಸಾಹೇಬರ ತಲೆ ಕಂಪ್ಯೂಟರಿಗಿಂತ ಚುರುಕು” ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಮಾತ್ರೆ ಎಣಿಸುತ್ತೇನೆ. ಅದನ್ನು ಅವರು ವಿನಯ ಅಂದುಕೊಂಡಿದ್ದಾರೆ.

ಗುಬ್ಬಿ, ಗೆಲ್ಲುವ ಚಪಲಕ್ಕೆ ಮೋಸ ಮಾಡಿದೆ ಎಂದು ಬರೆದು ಮುಗಿಸೋಣ ಎಂದಿದ್ದೆ. ಅದೂ ಪೂರ್ತಿ ನಿಜವಲ್ಲ. ಸರದಿ ಅರ್ಧ ಆಡುವಷ್ಟರಲ್ಲಿ ಮೊದಲರ್ಧ ಏನು ಮಾಡಿದೆ ಎಂಬುದು ಉಳಿಯುವುದಿಲ್ಲ. ಯಾವ ಟ್ಯಾಂಕು ಹೊರಟಿತು, ಯಾಕೆ ಹೊರಟಿತು ಎಂದು ಪರದೆ ನೋಡುತ್ತಾ ಕೂತಿರುತ್ತೇನೆ. ಅದಕ್ಕೇ ಮತ್ತೆ ಮತ್ತೆ ಮೊದಲಿನಿಂದ.

ಇದರ ಜೊತೆಗಿರುವ ಫೈಲನ್ನು ಒಂದೇ ಸಲ ಆಡಿದ್ದೇನೆ. ತೆರೆದು ನೋಡು, ಪಾಪ, ಲಾರಿಗಳು ಎಲ್ಲೆಲ್ಲೋ ಹೋಗಿವೆ. ದಯೆ ತೋರಿಸದೆ ಆಡು.

ನಿನ್ನ ಕ್ಯಾಪ್ಟನ್ ಅವರಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ತಿನ್ನು, ಎಲ್ಲಿದ್ದರೂ ಚೆನ್ನಾಗಿರು.

ಇಂತಿ,
ನಿನ್ನ ಅಪ್ಪ

ಮರೆಯುವ ಮೊದಲು: ಹಿಂದಿನ ಬೀದಿಯ ಟೈಲರಮ್ಮನಿಗೆ ರಕ್ತದೊತ್ತಡದ ಮಾತ್ರೆ ಕೊಡುವಾಗ ಎರಡು ಪಟ್ಟು ಶಕ್ತಿಯದನ್ನು ಕೊಟ್ಟುಬಿಟ್ಟೆ. ಭಾನುವಾರ ಮೆಟ್ಟಿಲಿನಲ್ಲಿ ತಲೆಸುತ್ತಿ ಬಿದ್ದರು, ಮಣಿಕಟ್ಟು ಮುರಿದಿದೆ, ಹೊಲಿಯುವ ಕೈ. ನೋಡಲು ಹೋದ ನೆಪದಲ್ಲಿ ಆ ಮಾತ್ರೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಸರಿಯಾದದ್ದನ್ನು ಇಟ್ಟು ಬಂದೆ. “ನೀವೇ ಬಂದ್ರಲ್ಲ ಅಣ್ಣಾ” ಎಂದು ಆಕೆ ಎಡಗೈಯಲ್ಲಿ ಟೀ ಕೊಟ್ಟರು, ಕುಡಿದೆ. ಡಾಕ್ಟರು ಹೃದಯದಲ್ಲೇ ದೋಷವಿರಬೇಕೆಂದು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸುತ್ತಿದ್ದಾರೆ. ಆ ಪಟ್ಟಿ ಈಗ ನನ್ನ ಮುಂದಿದೆ. ಇದನ್ನು ಕಳಿಸಿದ ಕೂಡಲೇ ತೆಗೆದುಕೊಂಡು ಮೊದಲು ಆಕೆಯ ಮನೆಗೆ, ಆಮೇಲೆ ಡಾಕ್ಟರ ಹತ್ತಿರ, ಆಮೇಲೆ ಅಂಗಡಿಗೆ ಹೋಗುತ್ತೇನೆ. ದಾರಿಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಮಾಲೀಕರು ಸಂಜೆಯೊಳಗೆ ನಿನಗೆ ಫೋನು ಮಾಡುತ್ತಾರೆ. ಈ ಸಲ ನನ್ನ ಪರ ಮಾತಾಡಬೇಡ.