ಷಡ್ಡಕನ ಕಾರಿನ ಬ್ರೇಕು

೯-೨-೧೯೮೬, ರವಿವಾರ. ಶಲವಡಿ.

ಹೊಟ್ಟೆಯ ಉರಿ ಇನ್ನೂ ಆರಿಲ್ಲ. ಷಡ್ಡಕ ಮಡಿವಾಳೆಪ್ಪ ಹಳೆಯ ಕಾರು ಕೊಂಡಿದ್ದಾನೆ. ನನ್ನದು ಇನ್ನೂ ಸೈಕಲ್ಲೇ. ಬ್ರೇಕಿನ ಪೈಪಿಗೆ ಸೇರಿದ ಗಾಳಿ ತೆಗೆಯಲು ಇಂದು ನಮ್ಮ ಅಂಗಳದಲ್ಲೇ ಕಾರಿನಡಿ ಮಲಗಿದ. ಪೆಡಲು ಒತ್ತುವ ಕೆಲಸ ನನಗೆ.

“ಒತ್ತಿ ಹಿಡೀರಿ ಮಾಸ್ತರ, ನಾ ಅನ್ನೂತನಕ ಬಿಡಬ್ಯಾಡ್ರಿ.”

ಗಾಳಿ ಹೊರಬಿಡುವ ತಿರುಪನ್ನು ಅವನು ಪಾನಾದಿಂದ ಬಿಗಿಯುವ ಮೊದಲೇ ನಾನು ಕಾಲೆತ್ತಿದೆ. ಗಾಳಿ ಮತ್ತೆ ಒಳಗೆ ಹೋಯಿತು. ಹೀಗೆ ನಾಲ್ಕು ಸಲ. ಪಾಪ, ಅವನು ತನ್ನ ಪಾನಾಕ್ಕೇ ಬೈದುಕೊಂಡ. ನನಗೆ ಹಿತವೆನಿಸಿತು.

ಅಷ್ಟರಲ್ಲಿ ನನ್ನ ಹೆಂಡತಿ ಕಸ್ತೂರೆವ್ವ ಚಹಾ ತಂದು, “ನಾಳೆ ಅಕ್ಕನ ಜೋಡಿ ಅಣ್ಣಿಗೇರಿಗೆ ಇದರಾಗ ನಾನೂ ಹೊಂಟೇನ್ರಿ” ಎಂದು ನಕ್ಕಳು. ಹನ್ನೊಂದು ವರ್ಷದಲ್ಲಿ ಆ ನಗು ನನ್ನ ಸೈಕಲ್ಲಿಗೆ ಸಿಕ್ಕಿಲ್ಲ.

ಐದನೆಯ ಸಲ ಅವನು “ಬಿಡ್ರಿ” ಎಂದ ಮೇಲೂ, ತಿರುಪು ಪೂರಾ ಬಿಗಿಯಾಯಿತೇ ಎಂದು ಎರಡು ಸಲ ಕೇಳುವತನಕ ನಾನು ಕಾಲು ತೆಗೆಯಲಿಲ್ಲ.