ಸ್ಟೀರಿಂಗಿಗೆ ಕಟ್ಟಿದ್ದ ಬಟ್ಟೆ

ಟ್ವೈಲಾ ಮಗಳೇ,

ನಾನು ಚರ್ಚಿಗೆ ಹೊರಟೆ. ಜೋಳದ ಬ್ರೆಡ್ ಮುಚ್ಚಿಟ್ಟಿದ್ದೇನೆ, ತಿಂದೇ ಕಾರಿನ ಹತ್ತಿರ ಹೋಗು.

ಇವತ್ತಿನ ಕಾರು ಪಂದ್ಯಕ್ಕೆಂದು ನೀನು ತಂದ ತೆಳು ಇಂಜಿನ್ ಆಯಿಲ್ ಹಾಕಬೇಡ. ನಿಮ್ಮಪ್ಪನೂ "ತೆಳುವಿದ್ರೆ ಕಾರು ಹಾರುತ್ತೆ, ಸುಮ್ನಿರಪ್ಪಾ" ಅಂದಿದ್ದ. ಪಂದ್ಯವನ್ನೂ ಗೆದ್ದ. ಮನೆಗೆ ಬರುವ ಉದ್ದ ದಾರಿಯಲ್ಲಿ ಆಯಿಲ್ ಕಾದು ನೀರಾಗಿ ಇಂಜಿನ್ ಹಿಡಿದುಕೊಂಡಿತು. ಹಿಂದಿದ್ದ ಲಾರಿ ನಿಲ್ಲದೆ ಬಂದು ಗುದ್ದಿತು, ಅವನು ಮನೆ ಸೇರಲಿಲ್ಲ.

ನಿನ್ನೆ ಹಳೇ ಆಯಿಲ್ ಬಸಿದ ಮೇಲೆ, ಖಾಲಿ ಇಂಜಿನ್ನನ್ನು ಯಾರೂ ಚಾಲೂ ಮಾಡದಿರಲೆಂದು ನೀನು ಸ್ಟೀರಿಂಗಿಗೆ ಬಟ್ಟೆ ಕಟ್ಟಿದ್ದೆಯಲ್ಲ, ಬೆಳಿಗ್ಗೆ ಅದು ಬಿಚ್ಚಿತ್ತು. ನಿಮ್ಮಪ್ಪ ಮಡಿಸುತ್ತಿದ್ದ ಹಾಗೇ ಮಡಿಸಿ ಸೀಟಿನ ಮೇಲಿಟ್ಟಿತ್ತು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಗುರುತಿನವರೆಗೂ ದಪ್ಪ ಆಯಿಲ್. ಗ್ಯಾರೇಜಿನ ಬೀಗದ ಕೈ ರಾತ್ರಿಯಿಡೀ ನನ್ನ ಜೇಬಿನಲ್ಲೇ ಇತ್ತು.

ಅದನ್ನು ಬಸಿಯಬೇಡ. ಹೋಗುವಾಗ ಪಕ್ಕದ ಸೀಟಿನ ಮೇಲೆ ಸಾಮಾನು ಹೇರಬೇಡ, ಖಾಲಿ ಬಿಡು.

ತಾತ