ನಾನು ಹೊಡೆದುಹಾಕಿದ ಹೆಸರು

ಗುರುವಾರ, 18 ಜುಲೈ 2024

ಆ ಕೆಂಪು ಗೆರೆ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಇಂದು ಆರನೆಯ ತರಗತಿಗೆ ಇಂಗ್ಲಿಷ್ ನಾಮಪದ ಶುರು ಮಾಡಿದೆ. ತಾಯಿ ಅಂದರೆ ರೂಢನಾಮ, ಆಕೆಯ ಹೆಸರು ಅಂಕಿತನಾಮ, ಅದಕ್ಕೆ ಮೊದಲು ದೊಡ್ಡಕ್ಷರ ಬೇಕು ಎಂದು ತಿಳಿಸಿ, ಮನೆಯವರ ಹೆಸರು ಬರೆಯಲು ಹೇಳಿದೆ. ಕಾಜಲ ತನ್ನ ತಾಯಿಗೆ ಎರಡು ಹೆಸರು ಬರೆದಿದ್ದಳು: ತ್ರಿಶಲಾ, ಮಂಗಲ.

"ಒಬ್ಬರಿಗೆ ಒಂದ ಹೆಸರ ಇರತೈತಿ. ಖರೇದ್ದು ಯಾವುದು?" ಎಂದು ಗದರಿದೆ.

"ಎರಡೂ ಖರೇನ ಅದಾವ್ರಿ ಟೀಚರ್. ಕಾಗವಾಡದಾಗ ಅಜ್ಜಿ ತ್ರಿಶಲಾ ಅಂತಾಳ್ರಿ. ಲಗ್ನದಾಗ ಇಲ್ಲಿಯವರು ಮಂಗಲ ಅಂತ ಇಟ್ಟಾರ್ರಿ."

ನಾನು ತ್ರಿಶಲಾ ಮೇಲೆ ಗೆರೆ ಎಳೆದು ಮುಂದಿನ ಬೆಂಚಿಗೆ ಹೋದೆ.

ನನಗೇನು ಗೊತ್ತಿರಲಿಲ್ಲವೇ? ನನ್ನ ಲಗ್ನದಲ್ಲಿ ನಮ್ಮ ಯಜಮಾನರು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಮೇಘಾ ಎಂದು ಬರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಅಲ್ಲಿಯವರೆಗೆ ನಾನು ಚಂದನಾ. ಆಮೇಲೂ ಹಾಗೆ ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಅಂದಿನಿಂದ ಆ ಹೆಸರನ್ನು ಯಾರ ಬಾಯಲ್ಲೂ ಕೇಳಿಲ್ಲ.

ನಾಳೆ ಕಾಜಲಳ ನೋಟುಬುಕ್ ತೆಗೆದುಕೊಂಡು ತ್ರಿಶಲಾ ಎಂದು ಮತ್ತೆ ಬರೆದುಕೊಡಬೇಕು. ಆದರೆ ಆ ಹುಡುಗಿಗೆ ಏನಂತ ಹೇಳಲಿ?

ಈಗ ಈ ಡೈರಿಯ ಮೊದಲ ಪುಟ ತಿರುವಿ ನೋಡಿದೆ. ನನ್ನನ್ನು ಬಿಟ್ಟು ಯಾರೂ ಓದದ ಪುಸ್ತಕ ಇದು. ಹೆಸರು ಎಂಬ ಜಾಗದಲ್ಲಿ, ನನ್ನ ಕೈಯಿಂದಲೇ, ಮೇಘಾ ಎಂದು ಬರೆದಿದ್ದೇನೆ.